ಹೂಂ ಅನ್ನುವ ಮಕ್ಕಳ ಊರಿಗೆ

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅನಗೋಳದ ಮನೆಯಿಂದ ಹೊರಟಾಗ ಅವ್ವ ಬಾಗಿಲಿಗೆ ಬಂದು ನಿಂತಳು. "ಸಾಲಿ ಬಿಟ್ಟು ಇನ್ನೊಂದು ಸಾಲಿ ನೋಡಾಕ ಹೊಂಟಿಯಲ್ಲ, ನಿನ್ನ ಸಾಲ್ಯಾಗ ಹುಡುಗರು ಕಡಿಮಿ ಬಿದ್ದಾವೇನು?" ಎಂದಳು. ಜನವರಿಯ ಕೊನೆ. ಓಣಿಯಲ್ಲಿ ಇನ್ನೂ ಮಂಜು ಇತ್ತು. ಅವಳಿಗೆ ಉತ್ತರ ಕೊಡುತ್ತ ನಿಂತರೆ ಬಸ್ಸು ತಪ್ಪುತ್ತದೆಂದು ನಕ್ಕು ನಡೆದುಬಿಟ್ಟೆ.

ನಾನು ಬೆಳಗಾವಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಕುರುಬರ ಮನೆಯಲ್ಲಿ ಪದವಿ ಮುಗಿಸಿದ ಮೊದಲ ಜೀವ ನಾನೇ. ಅಪ್ಪ ಸಾಂಬ್ರಾದಲ್ಲಿ, ವಿಮಾನ ನಿಲ್ದಾಣದ ಬದಿಗೆ, ಕುರಿ ಕಾಯುತ್ತಿದ್ದ. ವಿಮಾನ ಇಳಿದಾಗ ಬೆದರಿ ಓಡಿದ ಕುರಿಗಳನ್ನು ಕೂಡಿಸುತ್ತಲೇ ನಾನು ಎಸ್ಸೆಸ್ಸೆಲ್ಸಿಗೆ ಓದಿದೆ. ಪದವಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದ್ದೇನೆ. ಮನೆಗೆ ಬಂದವರು ದೇವರ ಫೋಟೋಕ್ಕಿಂತ ಮೊದಲು ಅದನ್ನು ನೋಡುತ್ತಾರೆ. ನೋಡಲಿ.

ಹೊರಡಲು ಕಾರಣ ಗೆಳತಿ ಮಹಾದೇವಿಯ ಫೋನು. ಅವಳು ಬೈಲಹೊಂಗಲ ಕಡೆಯವಳು, ನನ್ನ ಜೊತೆ ತರಬೇತಿ ಮುಗಿಸಿದವಳು. ಈಗ ಖಾನಾಪುರದಾಚೆಯ ಒಂದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಾಳೆ. ಆ ಮಕ್ಕಳ ಮನೆಮಾತು ಮರಾಠಿ. "ನನ್ನ ಹುಡುಗರು ಪಟಪಟ ಓದ್ತಾರ ಮಾಯವ್ವ," ಎಂದಿದ್ದಳು. "ಆದರ ಏನ್ ಓದಿದ್ರಿ ಅಂತ ಕೇಳಿದ್ರ ನನ್ನ ಮಾರಿ ನೋಡ್ತಾರ. ಎಲ್ಲಾರಕಿಂತ ಚಂದ ಓದೂ ಹುಡಿಗೀನ ಅವರಪ್ಪ ಸೋಮವಾರ ಹೋಗಿ ಇಂಗ್ಲಿಷ್ ಸಾಲಿಗೆ ಹಚ್ಚತಾನಂತ, ಅಲ್ಲಿ ವರ್ಷದ ನಡುವನೂ ತಗೋತಾರಂತ. ಆಕಿ ಹ್ವಾದ್ರ ಬೆನ್ನಿಂದ ಮತ್ತ ನಾಕ ಮಂದಿ ಹೋಗತಾರ. ಆಮ್ಯಾಲ ನಾ ಬೆಂಚಿಗೆ ಪಾಠಾ ಹೇಳಬೇಕು."

ಪಟಪಟ ಓದುವ ಮಕ್ಕಳು ನನ್ನ ತರಗತಿಯಲ್ಲೂ ಇದ್ದಾರೆ. ಓದು ಬಾಯಲ್ಲಿ ಶುರುವಾಗಿ ಬಾಯಲ್ಲೇ ಮುಗಿಯುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು. ಎರಡು ದಿನ ರಜೆ ಹಾಕಿದೆ.

ರೈಲ್ವೆಯ ಮೂರನೇ ಗೇಟಿನ ಹತ್ತಿರ ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರ್ ಕಾರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಫೋಟೋದಾಗ ಭಾಳ ಸಿಟ್ಟಿಲೆ ಅದೀರಲ್ರಿ ಅಕ್ಕಾರ," ಎಂದ. "ಟೀಚರ್ ಅದೀನ್ರಿ," ಎಂದೆ. "ಹಂಗಾರ ಖರೇ ಫೋಟೋ," ಎಂದು ಮುಂದೆ ಹೋದ.

ಖಾನಾಪುರಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರು. ಉದ್ಯಮಬಾಗ ದಾಟಿ, ಪೀರನವಾಡಿ, ಮಚ್ಛೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ದೇಸೂರು ದಾಟಿದ ಮೇಲೆ ಮಂಜು ಸರಿದು, ಎರಡೂ ಕಡೆ ಕೊಯ್ದ ಗದ್ದೆಗಳು ಕಂಡವು. ದಾರಿಯುದ್ದಕ್ಕೂ ಅಂಗಡಿಗಳ ಫಲಕಗಳನ್ನು ಓದುತ್ತಾ ಹೋದೆ. ಒಂದಿಷ್ಟು ಕನ್ನಡ, ಒಂದಿಷ್ಟು ಮರಾಠಿ, ನಡುನಡುವೆ ಇಂಗ್ಲಿಷ್. ಖಾನಾಪುರದಲ್ಲಿ ಇಳಿದಾಗ ಅವುಗಳಲ್ಲಿ ಒಂದಾದರೂ ನೆನಪಿದೆಯೇ ಎಂದು ಕೇಳಿಕೊಂಡೆ. ಒಂದೂ ಇರಲಿಲ್ಲ.

ನಿಲ್ದಾಣದಲ್ಲಿ ಮಹಾದೇವಿ ಕಾದಿದ್ದಳು. ಕ್ಯಾಂಟೀನಿನಲ್ಲಿ ಅವಲಕ್ಕಿ ತಿಂದು ಚಹಾ ಕುಡಿದೆವು. ಅಲ್ಲಿಂದ ಜಾಂಬೋಟಿ ರಸ್ತೆಯಲ್ಲಿ ಟೆಂಪೋ ಹಿಡಿದೆವು, ತಲೆಗೆ ಇಪ್ಪತ್ತು ರೂಪಾಯಿ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹೋದೆವು. ರಸ್ತೆ ಏರುತ್ತಿದ್ದಂತೆ ಗಾಳಿ ತಂಪಾಯಿತು, ಗದ್ದೆಗಳ ಹಿಂದೆಯೇ ಕಾಡು ನಿಂತಿತ್ತು. ಊರ ಬಾಯಲ್ಲೇ ಶಾಲೆ. ಹೆಂಚಿನ ಎರಡು ಕೋಣೆ, ಮುಂದೆ ಒಂದು ಹಲಸಿನ ಮರ.

ಮಕ್ಕಳು ಎದ್ದು ನಿಂತು ರಾಗವಾಗಿ ನಮಸ್ಕಾರ ಹೇಳಿದರು. ಮಹಾದೇವಿ ಪಾಠದ ಒಂದು ಪುಟ ಓದಿಸಿದಳು. ನಿಜಕ್ಕೂ ಪಟಪಟ! ಒತ್ತಕ್ಷರ ತಪ್ಪಲಿಲ್ಲ, ಉಸಿರು ತಪ್ಪಲಿಲ್ಲ. ಕೊನೆಗೆ ಓದಿದ್ದು ಐದನೆಯ ತರಗತಿಯ ಸಾಕ್ಷಿ. ಎರಡು ಜಡೆ, ನೆಟ್ಟಗಿನ ಬೆನ್ನು, ಗಂಟೆ ಹೊಡೆದಂಥ ದನಿ. ಸ್ವಾತಂತ್ರ್ಯ ದಿನಕ್ಕೆ ಮೈಕಿನ ಮುಂದೆ ಓದುವವಳು ಅವಳೇ ಅಂತೆ. ಓದಿ ಮುಗಿಸಿ, ಚಪ್ಪಾಳೆಗೆ ಕಾಯುವವಳಂತೆ ನಿಂತಳು.

"ತಿಳೀತಾ?" ಎಂದಳು ಮಹಾದೇವಿ.

"ತಿಳೀತ್ರೀ!" ಎಂದಿತು ಇಡೀ ಕೋಣೆ.

"ಏನ್ ತಿಳೀತು?"

ಹೊರಗೆ ಹಲಸಿನ ಮರದಲ್ಲಿ ಕಾಗೆ ಕೂಗಿದ್ದು ಕೇಳಿಸಿತು.

ನಾನು ಪುಸ್ತಕ ಮುಚ್ಚಿಸಿದೆ. ಒಂದು ಕತೆ ಹೇಳುತ್ತೇನೆ, ಕೇಳಿ ಎಂದೆ. ದಾರಿಯಲ್ಲಿ ಕಟ್ಟಿಕೊಂಡ ಕತೆ. "ಗೌರವ್ವ ಮೊಸರಿನ ಗಡಿಗಿ ಹೊತ್ತು ಸಂತಿಗೆ ಹೊಂಟಳು." ಮಕ್ಕಳು ತಾವಾಗಿಯೇ "ಹೂಂ" ಎಂದರು. ನನಗೆ ಖುಷಿಯಾಯಿತು. ನಮ್ಮ ಮನೆಯಲ್ಲೂ ಇದೇ ರೂಢಿ. ಅವ್ವ ಶೇಂಗಾ ಸುಲಿಯುತ್ತ ಕತೆ ಹೇಳಿದರೆ ನಾವು ಹೂಂ ಅನ್ನಬೇಕು. "ಹೊಳಿ ದಂಡಿಗೆ ಬಂದಳು." "ಹೂಂ." "ದೋಣಿ ಸಲುವಾಗಿ ಕಾದಳು." "ಹೂಂ." ಮುಖಗಳನ್ನು ನೋಡಿದೆ. ಹೂಂ ತುಟಿಯಲ್ಲಿ ಮಾತ್ರ ಇದ್ದಂತಿತ್ತು. ಏನಾಗುತ್ತದೋ ನೋಡೋಣವೆಂದು, ದನಿ ಬದಲಿಸದೆ ಮುಂದಿನ ಸಾಲು ಹೇಳಿದೆ: "ಅಷ್ಟರಾಗ ಎಮ್ಮಿ ಗಿಡಾ ಹತ್ತಿ ಗೂಡು ಕಟ್ಟಿತು."

"ಹೂಂ!"

"ಗೂಡಿನ್ಯಾಗ ನಾಕ ತತ್ತಿ ಇಟ್ಟಿತು."

"ಹೂಂ!"

ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಸಾಕ್ಷಿಯನ್ನು ಕೇಳಿದೆ: "ಎಮ್ಮಿ ತತ್ತಿ ಇಡತೈತೇನು?"

"ಇಲ್ರಿ."

"ಮತ್ತ ಹೂಂ ಅಂದಿ?"

ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು. "ಹೂಂ ಅನ್ನಲಿಲ್ಲಂದ್ರ ಆಜಿ ಕತಿ ನಿಂದರಸ್ತಾಳ್ರಿ ಟೀಚರ್. ಮಕ್ಕೊಂಡಾವು ಅಂತ ಎದ್ದು ಹೋಗತಾಳ."

ಅವಳ ಮಾತು ಸರಿಯಾಗಿತ್ತು. ಹೂಂ ಎಂದರೆ ಎಚ್ಚರ ಇದ್ದೇವೆ, ನೀವು ಸಾಗಿ ಎಂದು. ಅಜ್ಜಿಗೆ ಕೊಡುವ ಮರ್ಯಾದೆ ಅದು. ಆ ಮರ್ಯಾದೆಯನ್ನೇ ಮಕ್ಕಳು ಶಾಲೆಗೂ ತಂದಿದ್ದರು. ದಿನವೂ ಎದ್ದೇಳುವ "ತಿಳೀತ್ರೀ" ಕೂಡ ಅದೇ ಹೂಂ. ಟೀಚರು ಎದ್ದು ಹೋಗಬಾರದಲ್ಲ!

ಎಮ್ಮೆಯನ್ನು ಬಿಟ್ಟು ಇಡೀ ಕತೆಯನ್ನು ಹಲಗೆಯ ಮೇಲೆ ಬರೆದು, ಹೊಸ ಕಟ್ಟಳೆ ಮಾಡಿದೆ. ಒಬ್ಬರು ಒಂದೊಂದು ಸಾಲು ಓದಬೇಕು. ಕೇಳುವವರಿಗೆ ಅದು ಕಣ್ಣ ಮುಂದೆ ಕಂಡರೆ ಮಾತ್ರ ಹೂಂ. ಕಾಣದಿದ್ದರೆ ಬಾಯಿ ಮುಚ್ಚಬೇಕು. ಬಾಯಿ ಮುಚ್ಚಿದರೆ ಓದುವವರು ಮುಂದೆ ಹೋಗುವಂತಿಲ್ಲ, ಅದೇ ಸಾಲನ್ನು ತಮ್ಮ ಮಾತಿನಲ್ಲಿ ಬಿಡಿಸಿ ಹೇಳಬೇಕು. ಮನೆಮಾತಾದರೂ ಸರಿ.

ಮಹಾದೇವಿ ನನ್ನನ್ನು ಬಾಜೂಕ್ಕೆ ಕರೆದಳು. "ಕನ್ನಡ ಸಾಲ್ಯಾಗ ಮರಾಠಿ ಮಾತಾಡಸ್ತಿ, ಮ್ಯಾಲಿನವರು ಕೇಳಿದ್ರ ಏನ್ ಹೇಳಲಿ?"

"ಓದೂದು ಕನ್ನಡಾನ. ತಿಳಿಯೂದು ತಲ್ಯಾಗ. ತಲಿಗೆ ಯಾರೂ ಬೋರ್ಡ್ ಹಾಕಿಲ್ಲಲ್ಲ," ಎಂದೆ.

ಮೊದಲ ಸುತ್ತು ಪೂರ್ತಿ ಹಾಳಾಯಿತು. ಬಾಯಿ ಮುಚ್ಚಿದರೆ ಓದುವವರು ಒದ್ದಾಡುತ್ತಾರೆಂದು ಗೊತ್ತಾಗಿ, ಹುಡುಗರು "ಗೌರವ್ವ" ಎನ್ನುವ ಹೆಸರಿಗೂ ಹೂಂ ಅನ್ನಲಿಲ್ಲ. ಎರಡನೆಯ ಸುತ್ತಿನಲ್ಲಿ ಮೋಜು ಕಡಿಮೆಯಾಗಿ ಕತೆ ಶುರುವಾಯಿತು. ಗೌರವ್ವನ ಜೊತೆ ಇನ್ನೂ ನಾಲ್ಕು ಮಂದಿ ದೋಣಿಗೆ ಕಾಯುತ್ತಿದ್ದರು. ಬಿಸಿಲು ಏರಿತು. ದೋಣಿ ಬರಲಿಲ್ಲ. ಸಂಜೆ ಗೌರವ್ವ ಖಾಲಿ ಗಡಿಗೆ ಹೊತ್ತು ನಗುತ್ತ ಮನೆಗೆ ಬಂದಳು. ಕತೆ ಅಷ್ಟೇ.

"ಮೊಸರು ಎಲ್ಲಿ ಹೋತು?" ಎಂದು ಕೇಳಿದೆ.

"ಮಾರಿದಳ್ರಿ!" "ಸಂತಿಗೆ ಹೋಗೇ ಇಲ್ಲಲೇ, ದೋಣಿ ಬರಲಿಲ್ಲಲ್ಲ!" "ಬೆಕ್ಕು ಕುಡೀತು!" "ಬೆಕ್ಕು ಹಲಗಿ ಮ್ಯಾಲ ಇಲ್ಲ ನೋಡು!" ಕೊನೆಗೆ ನಾಲ್ಕನೆಯ ತರಗತಿಯ ಒಂದು ಪುಟ್ಟ ಹುಡುಗಿ ಮರಾಠಿಯಲ್ಲಿ ಹೇಳಿದಳು: ಬಿಸಿಲಾಗಿತ್ತು, ಎಲ್ಲರಿಗೂ ನೀರಡಿಸಿತ್ತು, ಆ ನಾಲ್ವರಿಗೆ ಕೊಟ್ಟಿರಬೇಕು. ಮಕ್ಕಳು ಹಲಗೆಯ ಸಾಲುಗಳನ್ನು ಮತ್ತೊಮ್ಮೆ ನೋಡಿ, ಆಮೇಲೆ ಒಬ್ಬೊಬ್ಬರಾಗಿ "ಹೂಂ" ಎಂದರು. ಈ ಸಲದ ಹೂಂ ಬೇರೆಯದು, ತಡವಾಗಿ ಬಂದದ್ದು.

ಸಾಕ್ಷಿ ಮಾತ್ರ ಸೋತಳು. ಅವಳ ಸರದಿಯಲ್ಲಿ ಪ್ರತಿ ಸಾಲನ್ನೂ ಗಂಟೆಯಂತೆ ಓದಿದಳು. ಹೂಂ ಬರದಿದ್ದಾಗ ಬಿಡಿಸಿ ಹೇಳಲಿಲ್ಲ, ಅದನ್ನೇ ಇನ್ನೂ ಜೋರಾಗಿ ಓದಿದಳು. ಮೂರನೆಯ ಸಲಕ್ಕೆ ಕಣ್ಣು ಕೆಂಪಾದವು. ಬಿಸಿಯೂಟಕ್ಕೆ ಕುಳಿತಾಗ ಅನ್ನ ಕಲೆಸುತ್ತ ಕೇಳಿದಳು: "ನಾ ಓದೂದು ಚಂದ ಇಲ್ಲೇನ್ರಿ?"

"ಭಾಳ ಚಂದ ಐತಿ. ಆದರ ನಿನ್ನ ಬಸ್ಸು ಜೋರಾಗಿ ಹೊಂಟೈತಿ, ಸ್ಟಾಪಿನ್ಯಾಗ ಮಂದಿ ನಿಂತಾರ. ಯಾರನ್ನೂ ಹತ್ತಿಸ್ಕೊಳ್ಳಾಕತ್ತಿಲ್ಲ ನೀ."

ಅವಳು ಸಾರು ಸುರಿದುಕೊಂಡಳು. "ಸೋಮವಾರದಿಂದ ನಾ ಖರೇ ಬಸ್ಸಿನ್ಯಾಗ ಹೋಗತೀನ್ರಿ. ಹಳದಿ ಬಸ್ಸು. ಪಪ್ಪಾ ಹೇಳ್ಯಾರ," ಎಂದಳು. ಖುಷಿಯೋ ದುಃಖವೋ ಮುಖದಲ್ಲಿ ತಿಳಿಯಲಿಲ್ಲ. ಹೋಗಲು ಮನಸ್ಸಿದೆಯೇ ಎಂದು ಕೇಳಿದೆ. "ಅಲ್ಲಿ ಮೈಕ್ ಯಾರ ಕೈಯಾಗ ಕೊಡ್ತಾರೋ ಏನೋ," ಎಂದಳು.

ಶಾಲೆ ಬಿಟ್ಟ ಮೇಲೆ ಅವಳ ಅಪ್ಪ ಪರಶುರಾಮನನ್ನು ಚಹಾದಂಗಡಿಯಲ್ಲಿ ಕಂಡೆವು. ಬಾಡಿಗೆಗೆ ಟೆಂಪೋ ಓಡಿಸುತ್ತಾನೆ, ಎರಡು ತುಂಡು ಗದ್ದೆ ಇದೆ. ನಮ್ಮನ್ನು ನೋಡಿ ಬೆಂಚು ಒರೆಸಿ, "ಕುಂದರ್ರಿ ಟೀಚರ್," ಎಂದ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಮಗಳನ್ನು ಏಕೆ ಬಿಡಿಸುತ್ತೀರಿ ಎಂದು ನೇರವಾಗಿ ಕೇಳಿದೆ.

"ಈ ಬೆಂಚಿನ ಮ್ಯಾಲ ನನ್ನ ಮರ್ಯಾದಿ ಹೋತ್ರಿ, ಅದಕ್ಕ," ಎಂದ. "ನಾ ಮರಾಠಿ ಸಾಲಿ ಕಲ್ತಾಂವ. ಕನ್ನಡ ಮಾತಾಡ್ತೀನಿ, ಓದಾಕ ಬರೂದಿಲ್ಲ. ಮಗಳು ಕನ್ನಡ ಪೇಪರ್ ಓದ್ತಾಳಂತ ದಿನಾ ಸಂಜಿಕ ಇಲ್ಲಿ ತಂದು ಕುಂದರಸ್ತಿದ್ದೆ. ಮಂದಿ ಎಲ್ಲಾ ಕೇಳ್ತಿದ್ರು. ಒಂದಿನ ಓದಿದಳು, 'ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ವ್ಯತ್ಯಯ ಉಂಟಾಗಲಿದೆ' ಅಂತ. ಏನಂತವಾ ಅದು ಅಂದೆ. ಮತ್ತ ಅದನ್ನ ಓದಿದಳು, ಜೋರಾಗಿ! ನನಗ ಕಿವಿ ಕೇಳ್ಸೂದಿಲ್ಲ ಅನ್ನೂ ಹಂಗ."

ಒಲೆಯ ಮುಂದಿದ್ದ ಅಂಗಡಿಯವನು ನಕ್ಕ. "ಮರುದಿನ ಭತ್ತದ ಚೀಲಾ ಹೇರ್ಕೊಂಡು ಗಿರಣಿಗೆ ಹೋಗಿ, ಕರೆಂಟ್ ಇಲ್ದ ಸಂಜೀತನಕ ಚೀಲದ ಮ್ಯಾಲ ಕುಂತು ಬಂದ ನೋಡ್ರಿ ಇಂವ!"

"ನೀನೂ ಕೇಳಿದ್ದೆಲ್ಲೋ ಆ ಸುದ್ದಿ!" ಎಂದು ಪರಶುರಾಮ ತಿರುಗಿಬಿದ್ದ. "ಹೂಂ ಹೂಂ ಅಂತ ಗೋಣ ಹಾಕಿದಿ!" ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದ. "ತಿಳೀಲಾರದ ಓದೂದಾದ್ರ ಇಂಗ್ಲಿಷ್‌ನ್ಯಾಗರ ಓದಲಿ ಬಿಡ್ರಿ. ನಾಳಿಗೆ ನೌಕರಿಯರ ಸಿಗತೈತಿ."

ಅವನ ಮಾತಿನಲ್ಲಿ ಅರ್ಧ ನಿಜವಿತ್ತು. "ನಾಳೆ ಸಾಲಿಗೆ ಬರ್ರಿ. ಕೂತು ನೋಡ್ರಿ. ಆಮ್ಯಾಲ ಎಲ್ಲಿಗೆ ಬೇಕೋ ಹಚ್ಚರಿ," ಎಂದಷ್ಟೇ ಹೇಳಿದೆ.

"ಬರ್ತೀನಿ. ಆದರ ಆ ಎಮ್ಮಿ ಕತಿ ಬ್ಯಾಡ್ರಿ," ಎಂದ. ಎಮ್ಮೆ ನಮಗಿಂತ ಮೊದಲು ಊರು ಸುತ್ತಿ ಬಂದಿತ್ತು.

ಸಂಜೆ ಖಾನಾಪುರದಲ್ಲಿ ಮಹಾದೇವಿಯ ಬಾಡಿಗೆ ಮನೆಯಲ್ಲಿ ಉಳಿದೆ. ಕತ್ತಲಾಗುವ ಮುಂಚೆ ಮಲಪ್ರಭೆಯ ಘಾಟಿನ ತನಕ ನಡೆದೆವು. ನೀರು ಸಣ್ಣಗೆ ಹರಿಯುತ್ತಿತ್ತು. ಹೆಂಗಸರು ಒಣಗಿದ ಬಟ್ಟೆ ಮಡಚಿಕೊಳ್ಳುತ್ತಿದ್ದರು. ಮಹಾದೇವಿ ಮೆಟ್ಟಿಲ ಮೇಲೆ ಕುಳಿತು, "ಆಕಿ ಹೋಗತಾಳಂತ ಅಲ್ಲ ಮಾಯವ್ವ," ಎಂದಳು. "ಎರಡು ವರ್ಷ ನನ್ನ ಕೈಯಾಗ ಓದ್ಯಾಳ. ಹೋದ್ರ ಗಿಳಿ ಆಗಿ ಹೋಗತಾಳ. ಅದು ಚುಚ್ಚತೈತಿ." ಅಕ್ಕಿ ಭಾಕರಿ, ಬದನೆಕಾಯಿ ಪಲ್ಯ ಉಂಡು ಬೇಗ ಮಲಗಿದೆವು.

ಶನಿವಾರ ಬೆಳಗಿನ ಶಾಲೆ. ಎಂಟಕ್ಕೆ ಹೋದಾಗ ಮಕ್ಕಳು ಬಿಸಿಲಿಗೆ ಬೆನ್ನು ಕೊಟ್ಟು ಅಂಗಳದಲ್ಲೇ ಕುಳಿತಿದ್ದರು. ಅಲ್ಲೇ ತರಗತಿ ನಡೆಸಿದೆವು. ಪರಶುರಾಮ ಬಂದ, ಕಂಕುಳಲ್ಲಿ ಅಂಗಡಿಯ ಪೇಪರು. ಕುರ್ಚಿ ಕೊಟ್ಟರೆ ಬೇಡವೆಂದು ಹಲಸಿನ ಬೇರಿನ ಮೇಲೆ ಕುಳಿತ. "ಇದನ್ನ ಓದಸ್ರಿ. ಇವತ್ತಿನದು," ಎಂದು ಪೇಪರು ಚಾಚಿದ.

ಮಹಾದೇವಿ ಒಳಪುಟದ ಒಂದು ಸುದ್ದಿ ಆರಿಸಿ ಸಾಕ್ಷಿಯ ಕೈಗೆ ಕೊಟ್ಟಳು. ನಾನು ಪರಶುರಾಮನಿಗೆ ಹೇಳಿದೆ: "ಇವತ್ತ ಹೂಂ ಅನ್ನಾವರು ನೀವು."

ಸಾಕ್ಷಿ ಓದಿದಳು: "ಕಾಡಂಚಿನ ಗ್ರಾಮಗಳಲ್ಲಿ ಒಂಟಿ ಸಲಗವೊಂದು ಸಂಚರಿಸುತ್ತಿದ್ದು..."

"ಹೂಂ," ಎಂದ ಅಪ್ಪ.

"ಕಬ್ಬಿನ ಗದ್ದೆಗಳನ್ನು ತುಳಿದು, ಬಾಳೆಗಿಡಗಳನ್ನು ಮುರಿದು ಹಾನಿ ಮಾಡಿದೆ..."

"ಹೂಂ."

ಸಾಕ್ಷಿ ನಿಂತಳು. ಪೇಪರು ಕೆಳಗಿಳಿಸಿ ಅಪ್ಪನ ಮುಖ ನೋಡಿದಳು. "ಪಪ್ಪಾ, ಕಳಲಂ ಕಾ?" ತಿಳಿಯಿತೇ ಎಂದು.

"ಹೂಂ. ಮುಂದ ಓದು."

"ಸಲಗ ಅಂದ್ರ ಏನು?"

ಪರಶುರಾಮ ಕೆಮ್ಮಿದ. "ಸಲಗ ಅಂದ್ರ... ಅಂವ ಯಾವನೋ ಇರಬೇಕು. ಒಬ್ಬನ ಅಡ್ಡಾಡತಾನ..."

ಮಕ್ಕಳು ಬಿದ್ದು ಬಿದ್ದು ನಕ್ಕರು. "ತಿಳೀಲಾರದ ಹೂಂ ಅನ್ನಬಾರದು ಪಪ್ಪಾ," ಎಂದಳು ಸಾಕ್ಷಿ ಗಂಭೀರವಾಗಿ. "ಕಟ್ಟಳಿ ಐತಿ." ಆಮೇಲೆ ಅವಳ ಮುಖ ಬದಲಾಯಿತು. ಅವಳಿಗೂ ಆ ಪದ ಗೊತ್ತಿರಲಿಲ್ಲ. ಮಹಾದೇವಿ ಹೇಳಲು ಬಾಯಿ ತೆರೆದಳು, ನಾನು ಅವಳ ಕೈ ಹಿಡಿದೆ.

ಸಾಕ್ಷಿ ಹಿಂದಿನ ಸಾಲಿಗೆ ಹೋದಳು. ಈ ಸಲ ಜೋರಾಗಿ ಅಲ್ಲ, ತನಗೆ ತಾನೇ ಓದಿಕೊಂಡಳು, ಬೆರಳಿಟ್ಟು. ನಂತರ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಬಿಡಿಸತೊಡಗಿದಳು. "ಕಾಡಿನ ಬಾಜೂಕ ಊರು. ಕಬ್ಬು ತುಳಿದೈತಿ... ಮನಶ್ಯಾ ಅಲ್ಲ. ಬಾಳಿ ಗಿಡಾ ಮುರದೈತಿ. ಹುಲಿ ಬಾಳಿ ತಿನ್ನೂದಿಲ್ಲ. ಹಂದಿಗೆ ಅಷ್ಟು ಎತ್ತರ ಆಗೂದಿಲ್ಲ." ನಿಂತಳು. ಹಲಸಿನ ಮರದ ಕೆಳಗೆ ಯಾರೂ ಹೂಂ ಅನ್ನಲಿಲ್ಲ. "ಹತ್ತೀ!" ಎಂದು ಕೂಗಿದಳು. "ಆನಿ! ಒಂದ ಆನಿ! ರಾತ್ರಿ ಒಬ್ಬಾಂವ ಗದ್ದಿಗೆ ಹೋಗಬ್ಯಾಡ್ರಿ ಅಂತ ಬರದೈತಿ ಕೆಳಗ!"

ಮಕ್ಕಳ ಹೂಂ ಅಂಗಳ ತುಂಬಿತು. ಪರಶುರಾಮ ಮಾತ್ರ ಪೇಪರನ್ನೇ ನೋಡುತ್ತಿದ್ದ. "ಇವತ್ತ ರಾತ್ರಿ ಊರ ಕಬ್ಬು ಕಾಯೂ ಪಾಳಿ ನಂದ ಐತಿ," ಎಂದ ಮೆಲ್ಲಗೆ. "ಒಬ್ಬನ ಹೋಗಾಂವಿದ್ದೆ." ಮಗಳ ಕೈಯಿಂದ ಪೇಪರು ತೆಗೆದುಕೊಂಡು ಆ ಸುದ್ದಿಯ ಮೇಲೆ ಬೆರಳಾಡಿಸಿದ. ಆಮೇಲೆ, ತಡವಾಗಿ, "ಹೂಂ," ಎಂದ.

ಮಧ್ಯಾಹ್ನ ನನ್ನನ್ನು ಖಾನಾಪುರಕ್ಕೆ ಅವನೇ ಬಿಟ್ಟ. ಟೆಂಪೋದ ಮುಂದಿನ ಸೀಟು, ಇಂಜಿನಿನ ಗದ್ದಲ. ಅವನು ಏನೋ ಹೇಳುತ್ತಿದ್ದ. ನಾನು ಮರ್ಯಾದೆಗೆಂದು ಹೂಂ ಹೂಂ ಅನ್ನುತ್ತಿದ್ದೆ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, "ಟೀಚರ್, ನಾ ಏನಂದೆ ಹೇಳ್ರಿ ನೋಡೂಣು," ಎಂದ. ಸಿಕ್ಕಿಬಿದ್ದೆ. ಇಬ್ಬರೂ ನಕ್ಕೆವು.

"ಸೋಮವಾರ ಆ ಸಾಲಿಗೆ ಹೋಗಾಂವ ಹೋಗತೀನ್ರಿ," ಎಂದು ಮತ್ತೆ ಹೇಳಿದ. "ಆದರ ಮೊದಲ ಅಲ್ಲಿ ಹುಡುಗರು ಓದೂದು ಕೇಳ್ತೀನಿ. ಓದಿದ್ದು ಬಿಡಿಸಿ ಹೇಳಿದ್ರ ಹಚ್ಚತೀನಿ. ಇಲ್ಲಂದ್ರ ಇಲ್ಲ."

ಈ ಸಲ ಕೇಳಿಸಿತ್ತು, ತಿಳಿದಿತ್ತು ಕೂಡ. ಹೂಂ ಎಂದೆ.

ಬೆಳಗಾವಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸೇತುವೆ ದಾಟುವಾಗ ತಿರುಗಿ ನೋಡಿದೆ. ಕೆಂಪು ಹೆಂಚುಗಳು, ಅವುಗಳ ಹಿಂದೆ ಕಪ್ಪಗೆ ಕಾಡಿನ ಗೆರೆ. ಅಲ್ಲೆಲ್ಲೋ ಒಂದು ಆನೆ ಒಂಟಿಯಾಗಿ ಅಡ್ಡಾಡುತ್ತಿತ್ತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಶೇಂಗಾ ಸುಲಿಯುತ್ತ ಪ್ರತಿ ಮಾತಿಗೂ ಹೂಂ ಅಂದಳು. ಎಮ್ಮೆಯ ತತ್ತಿಗೆ ನಕ್ಕಳು. ಕತೆ ಮುಗಿದಾಗ ಮಾತ್ರ ಅನ್ನಲಿಲ್ಲ. "ಹುಡಿಗಿ ಉಳೀತೋ ಹೋತೋ?" ಎಂದಳು. ಸೋಮವಾರ ಗೊತ್ತಾಗುತ್ತದೆ ಎಂದೆ. "ಹಂಗಾರ ಕತಿ ಇನ್ನಾ ಮುಗಿದಿಲ್ಲ," ಎಂದು ಸಿಪ್ಪೆ ಜಾಡಿಸಿ ಎದ್ದುಹೋದಳು.

ಸೋಮವಾರ ಸಂಜೆ ಮಹಾದೇವಿಯ ಫೋನು ಬಂತು. ಪರಶುರಾಮ ಹೋಗಿದ್ದನಂತೆ. ತರಗತಿಯಲ್ಲಿ ಕುಳಿತು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಫಾರ್ಮ್ ತುಂಬಿ ಎಂದರಂತೆ ಆ ಶಾಲೆಯವರು. "ಕೇಳಾಕ ಬಿಡಲಿಲ್ಲಂದ್ರ ನಾ ಹೂಂ ಹೆಂಗ ಅನ್ನಲಿ?" ಎಂದು ಅಲ್ಲಿ ಕೇಳಿ, ಫಾರ್ಮನ್ನು ಮೇಜಿನ ಮೇಲೆಯೇ ಬಿಟ್ಟು ಬಂದನಂತೆ. ಮುಂದಿನ ವರ್ಷ ನೋಡೋಣ ಎಂದಿದ್ದಾನೆ. ಅವನು ಸಂಜೆ ಊರಿಗೆ ಮರಳಿದಾಗ ಸಾಕ್ಷಿ ಚಹಾದಂಗಡಿಯ ಬೆಂಚಿನ ಮೇಲೆ ಪೇಪರು ಓದುತ್ತಿದ್ದಳಂತೆ, ಸಾಲಿಗೊಮ್ಮೆ ನಿಲ್ಲುತ್ತ. ಮಂದಿಗೆ ಬೇಜಾರಂತೆ, ಸುದ್ದಿ ಬೇಗ ಮುಗಿಯುವುದೇ ಇಲ್ಲ ಎಂದು.

ಫೋನಿಟ್ಟು ಅಡುಗೆಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಹುಡಿಗಿ ಉಳೀತವಾ," ಎಂದೆ.

ಕೈ ನಿಲ್ಲಿಸಿ, ನನ್ನ ಮುಖ ನೋಡಿದಳು.

"ಹೂಂ," ಎಂದಳು.